ಬಾಲ್ಕನಿಯಲ್ಲಿ ಕಣ್ಣಿಗೆ ಬೀಳದ ಎಚ್‌ಎಫ್ ಆಂಟೆನಾ: ಲೂಪ್ ಇಡಲೋ, ತಂತಿ ಎಳೆಯಲೋ?

ಬಾಲ್ಕನಿ_ಕೇಳುಗ

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರೇಡಿಯೋ (ಹ್ಯಾಮ್) ಪರವಾನಗಿ ಕೈಗೆ ಬಂದಿದೆ, 10 ವ್ಯಾಟ್‌ನ ಪುಟ್ಟ ಎಚ್‌ಎಫ್ ಟ್ರಾನ್ಸೀವರ್ (ಶಾರ್ಟ್‌ವೇವ್‌ನಲ್ಲಿ ಕಳುಹಿಸಲೂ ಕೇಳಲೂ ಬಳಸುವ ರೇಡಿಯೋ) ಮೇಜಿನ ಮೇಲೆ ಕುಳಿತಿದೆ. ಕೊರತೆ ಇರುವುದು ಆಂಟೆನಾದ್ದು ಮಾತ್ರ. ನಾನಿರುವುದು ಬಾಡಿಗೆ ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ. ತಾರಸಿಗೆ ಹೋಗುವಂತಿಲ್ಲ, ಗೋಡೆಗೆ ರಂಧ್ರ ಕೊರೆಯುವಂತಿಲ್ಲ, ಹೊರಗಿನಿಂದ ನೋಡಿದರೆ ಕಟ್ಟಡದ ಅಂದ ಕೆಡಿಸುವ ಯಾವ ವಸ್ತುವೂ ಕಾಣಬಾರದು ಎಂಬುದು ನಿವಾಸಿಗಳ ಸಂಘದ ನಿಯಮ. ನನ್ನ ಪಾಲಿಗೆ ಉಳಿದಿರುವುದು ಮೂರೂವರೆ ಮೀಟರ್ ಉದ್ದದ, ಒಂದೂಕಾಲು ಮೀಟರ್ ಅಗಲದ ಬಾಲ್ಕನಿ. ಅದಕ್ಕೆ ಕಬ್ಬಿಣದ ರೇಲಿಂಗ್ ಇದೆ. ಎದುರಿಗೆ ಸುಮಾರು 13 ಮೀಟರ್ ದೂರದಲ್ಲಿ, ಆವರಣದ ಒಳಗೇ, ಎತ್ತರದ ಒಂದು ಮರವಿದೆ.

7 ಮತ್ತು 14 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ ಮಾತನಾಡಬೇಕು, ಸಾಧ್ಯವಾದರೆ ಎಫ್‌ಟಿ8 (ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳುಹಿಸುವ ಡಿಜಿಟಲ್ ವಿಧಾನ) ಕೂಡ ಮಾಡಬೇಕು ಎಂಬುದು ನನ್ನ ಆಸೆ. ರೇಲಿಂಗಿಗೆ ಸಿಕ್ಕಿಸುವ ಗಿಡ್ಡ ವಿಪ್ (ನೆಟ್ಟಗೆ ನಿಲ್ಲುವ ಕಡ್ಡಿ), ಮ್ಯಾಗ್ನೆಟಿಕ್ ಲೂಪ್ (ಕೆಪಾಸಿಟರ್‌ನಿಂದ ಟ್ಯೂನ್ ಮಾಡುವ ಲೋಹದ ದೊಡ್ಡ ಬಳೆ), ತೆಳು ತಂತಿ, ಈ ಮೂರರ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚಾಗಿದೆ. ಇಂಥದ್ದೇ ಜಾಗದಿಂದ ಕೆಲಸ ನಡೆಸುತ್ತಿರುವವರು ದಯವಿಟ್ಟು ದಾರಿ ತೋರಿಸಿ.

ತಂತಿಹುಳು

ಎದುರಿಗೆ ಮರ ಇಟ್ಟುಕೊಂಡು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ! ಅದರತ್ತ ಒಂದು ತಂತಿ ಎಳೆಯಿರಿ, ಉಳಿದದ್ದನ್ನು ಆಮೇಲೆ ಮಾತನಾಡೋಣ.

ಸ್ವಲ್ಪ ವಿವರಿಸುತ್ತೇನೆ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ, 14.2ಕ್ಕೆ ಅದು ಹೆಚ್ಚುಕಡಿಮೆ 10 ಮೀಟರ್. ಅಂದರೆ ತಂತಿಯೂ ಹಿಡಿಸುತ್ತದೆ, ಅದರ ತುದಿಯಿಂದ ಮರದವರೆಗೆ ನೈಲಾನ್ ದಾರಕ್ಕೂ ಜಾಗ ಉಳಿಯುತ್ತದೆ. ಇದನ್ನು ಒಂದು ತುದಿಯಿಂದಲೇ ಫೀಡ್ ಮಾಡಬಹುದು (ರೇಡಿಯೋದ ಶಕ್ತಿಯನ್ನು ಆ ತುದಿಗೇ ಕೊಡಬಹುದು), ಎಂಡ್-ಫೆಡ್ ಹಾಫ್ ವೇವ್ ಎನ್ನುವುದು ಇದನ್ನೇ. ತುದಿಯಲ್ಲಿ ಇಂಪೀಡೆನ್ಸ್ (ಪ್ರವಾಹಕ್ಕಿರುವ ಒಟ್ಟು ತಡೆ) ಎರಡೂವರೆ ಸಾವಿರ ಓಮ್ ಅಥವಾ ಅದಕ್ಕೂ ಹೆಚ್ಚಿರುವುದರಿಂದ 49:1 ಟ್ರಾನ್ಸ್‌ಫಾರ್ಮರ್ ಮೂಲಕ ಅದನ್ನು ರೇಡಿಯೋಗೆ ಹೊಂದುವ 50 ಓಮ್‌ಗೆ ಇಳಿಸಬೇಕಾಗುತ್ತದೆ.

ನಿಮ್ಮ ಜಾಗಕ್ಕೆ ಇದು ಒಪ್ಪುವುದಕ್ಕೆ ಬೇರೆಯೇ ಒಂದು ಕಾರಣವಿದೆ, ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ಅರ್ಧ ತರಂಗದ ತಂತಿಯಲ್ಲಿ ವಿದ್ಯುತ್ ಪ್ರವಾಹ ಅತಿ ಹೆಚ್ಚಾಗಿರುವುದು ನಟ್ಟನಡುವೆ, ಎಂದರೆ ನಿಮ್ಮ ಗೋಡೆಯಿಂದ ಐದು ಮೀಟರ್ ಆಚೆ, ತೆರೆದ ಗಾಳಿಯಲ್ಲಿ. ವಿಕಿರಣದ ಕೆಲಸ ನಡೆಯುವುದು ಪ್ರವಾಹ ಹೆಚ್ಚಿರುವಲ್ಲಿ. ರೇಲಿಂಗಿಗೆ ಸಿಕ್ಕಿಸಿದ ವಿಪ್‌ನಲ್ಲಾದರೋ ಪ್ರವಾಹ ಅತಿ ಹೆಚ್ಚಾಗಿರುವುದು ಬುಡದಲ್ಲಿ, ಆ ಬುಡ ಇರುವುದು ಕಬ್ಬಿಣದ ಸರಳು ತುಂಬಿದ ಕಾಂಕ್ರೀಟಿನ ಮಗ್ಗುಲಲ್ಲಿ. ಆಂಟೆನಾ ಎಷ್ಟು ದೊಡ್ಡದು ಎನ್ನುವ ಮೊದಲು ಅದರ ಪ್ರವಾಹ ಎಲ್ಲಿ ಹರಿಯುತ್ತದೆ ಎಂದು ಕೇಳಿ.

ಸುರುಳಿಪ್ರಿಯ

ತಂತಿಹುಳು ಅವರ ಕಣ್ಣಿಗೆ ಜಗತ್ತಿನ ಎಲ್ಲ ಮರಗಳೂ ಆಂಟೆನಾ ಕಂಬಗಳೇ. ಆ ಮರ ಬಾಲ್ಕನಿ_ಕೇಳುಗ ಅವರದ್ದಲ್ಲ, ಸಂಘದ್ದು. ಇಂದು ದಾರ ಕಟ್ಟಿದರೆ ನಾಳೆ ಕೊಂಬೆ ಸವರಲು ಬಂದವರು ಅದನ್ನು ಕತ್ತರಿಸಿ ಎಸೆಯುತ್ತಾರೆ, ಆಮೇಲೆ ವಿಚಾರಣೆ ಬೇರೆ.

ಒಂದು ಮೀಟರ್ ವ್ಯಾಸದ ತಾಮ್ರದ ಕೊಳವೆಯ ಲೂಪ್ ಬಾಲ್ಕನಿಯ ಒಳಗೇ ಮುಕ್ಕಾಲಿಯ ಮೇಲೆ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಒಳಗೆ ಎತ್ತಿಡಬಹುದು. ನೆಲದ ಬದಲಿಗೆ ಹಾಸುವ ರೇಡಿಯಲ್ ತಂತಿಗಳು ಬೇಡ, ಪ್ರವಾಹ ಹಿಂದಿರುಗಲು ಬಿಡುವ ಕೌಂಟರ್‌ಪಾಯ್ಸ್ ತಂತಿಯೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ತಿರುಗಿಸಿ ಅಕ್ಕಪಕ್ಕದ ವಿದ್ಯುತ್ ಗದ್ದಲದ ಮೂಲವನ್ನು ನಲ್‌ನೊಳಗೆ, ಎಂದರೆ ಲೂಪ್‌ಗೆ ಕೇಳಿಸದ ದಿಕ್ಕಿನಲ್ಲಿ, ಕೂರಿಸಬಹುದು. ಅಪಾರ್ಟ್‌ಮೆಂಟಿನಲ್ಲಿ ಹ್ಯಾಮ್‌ನ ಶತ್ರು ದೂರವಲ್ಲ, ಗದ್ದಲ. ಕೇಳಿಸದಿದ್ದವರೊಡನೆ ಮಾತನಾಡುವುದು ಹೇಗೆ?

ಏಳು_ಮೆಗಾ

ಗದ್ದಲದ ಮಾತನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು 7 ಮೆಗಾಹರ್ಟ್ಸ್ ಎಂದಿದ್ದಾರೆ, ಆದ್ದರಿಂದ ಲೆಕ್ಕವನ್ನು ಮುಂದಿಡುವುದು ನ್ಯಾಯ.

ಒಂದು ಮೀಟರ್ ವ್ಯಾಸದ ಒಂದೇ ಸುತ್ತಿನ ಲೂಪ್‌ನ ವಿಕಿರಣ ರೋಧ (ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಓಮ್‌ನಲ್ಲಿ ಹೇಳುವ ಅಳತೆ) 14 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.1 ಓಮ್, 7ರಲ್ಲಿ ಅದು ಹದಿನಾರರಲ್ಲಿ ಒಂದು ಪಾಲಿಗೆ ಕುಸಿದು 0.006 ಓಮ್ ಆಗುತ್ತದೆ. ಕೊಳವೆ 22 ಮಿಲಿಮೀಟರ್ ದಪ್ಪದ್ದೇ ಆಗಿದ್ದರೂ ತಾಮ್ರದ ನಷ್ಟವೇ 7 ಮೆಗಾಹರ್ಟ್ಸ್‌ನಲ್ಲಿ 0.03 ಓಮ್ ದಾಟುತ್ತದೆ. ಅಂದರೆ ಕೊಟ್ಟ ಶಕ್ತಿಯಲ್ಲಿ ಹೊರಗೆ ಹೋಗುವುದು ಆರನೇ ಒಂದು ಪಾಲು, ಉಳಿದದ್ದು ಕೊಳವೆ ಬಿಸಿ ಮಾಡಲು ಖರ್ಚಾಗುತ್ತದೆ. ಇದು ಕೆಪಾಸಿಟರ್ ಮತ್ತು ಬೆಸುಗೆಯ ನಷ್ಟವನ್ನು ಸೇರಿಸದ ಲೆಕ್ಕ. ಬಾಲ್ಕನಿಯ ಕಬ್ಬಿಣವನ್ನೂ ಸೇರಿಸಿಲ್ಲ. ಅದೇ ಲೂಪ್ 14ರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದೇ ಲೆಕ್ಕದಲ್ಲಿ ಅಲ್ಲಿ ದಕ್ಷತೆ ಶೇಕಡಾ 60ರ ಮೇಲಿದೆ.

ಇನ್ನೊಂದು ಮಾತು. 10 ವ್ಯಾಟ್ ಕೊಟ್ಟರೂ 7 ಮೆಗಾಹರ್ಟ್ಸ್‌ನಲ್ಲಿ ಆ ಲೂಪ್‌ನ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್‌ಗೂ ಮೀರಿದ ಒತ್ತಡ ನಿಲ್ಲುತ್ತದೆ. ಹಳೆಯ ರೇಡಿಯೋದಿಂದ ಕಿತ್ತ, ಸ್ಟೇಷನ್ ತಿರುಗಿಸುವ ಗ್ಯಾಂಗ್ ಕೆಪಾಸಿಟರ್ ಹಾಕಿದರೆ ಕಿಡಿ ಹಾರುವುದು ಖಚಿತ.

ಸುರುಳಿಪ್ರಿಯ

ಲೆಕ್ಕ ಸರಿ, ತೀರ್ಪು ತಪ್ಪು. ಆರನೇ ಒಂದು ಪಾಲು ಎಂದರೆ 8 ಡೆಸಿಬೆಲ್ ನಷ್ಟ; ರೇಡಿಯೋದ ಸಂಕೇತ ಮೀಟರಿನಲ್ಲಿ ಒಂದು ಎಸ್-ಯೂನಿಟ್ ಎಂದರೆ 6 ಡೆಸಿಬೆಲ್. ಎದುರಿನವರ ಮೀಟರ್ ಒಂದೂಕಾಲು ಎಸ್-ಯೂನಿಟ್ ಇಳಿದೀತು, ಅಷ್ಟೇ. ನನ್ನ ಕಡೆ ಗದ್ದಲ ಎರಡು ಎಸ್-ಯೂನಿಟ್ ಇಳಿದರೆ ನಾನು ಲಾಭದಲ್ಲಿದ್ದೇನೆ.

ಏಳು_ಮೆಗಾ

ನಿಮ್ಮ ಕಿವಿಗೆ ಆದ ಲಾಭ ಎದುರಿನವರ ಕಿವಿಗೆ ಸಿಗುವುದಿಲ್ಲ, ಸ್ವಾಮಿ. 100 ವ್ಯಾಟ್ ಇದ್ದವರು 8 ಡೆಸಿಬೆಲ್ ಕಳೆದುಕೊಂಡರೆ 16 ವ್ಯಾಟ್ ಉಳಿಯುತ್ತದೆ, ಬದುಕಬಹುದು. ಇವರ ಬಳಿ ಇರುವುದೇ 10 ವ್ಯಾಟ್, ಉಳಿಯುವುದು ಒಂದೂವರೆ ವ್ಯಾಟ್. ಅದರಲ್ಲಿ ಮಾತು, ಅದೂ ಸಂಜೆಯ 7 ಮೆಗಾಹರ್ಟ್ಸ್ ಸಂತೆಯಲ್ಲಿ?

ಕೀಲಿಕಾರ

ಮೋರ್ಸ್ ಕಲಿತರೆ ಒಂದೂವರೆ ವ್ಯಾಟ್ ಸಾಕು.

ತಂತಿಹುಳು

ಕೀಲಿಕಾರರು ಬಂದರು, ಇನ್ನು ಚರ್ಚೆ ಮುಗಿದಂತೆಯೇ.

ಮೌನಬ್ಯಾಂಡ್

ಇಬ್ಬರೂ ಗದ್ದಲವನ್ನು ಮಳೆ ಬಿಸಿಲಿನ ಹಾಗೆ ಬಂದದ್ದನ್ನು ಅನುಭವಿಸಬೇಕಾದ ಸಂಗತಿ ಎಂಬಂತೆ ಮಾತನಾಡುತ್ತಿದ್ದೀರಿ. ಹೆಚ್ಚಿನ ಮನೆಗಳಲ್ಲಿ ಅತಿ ದೊಡ್ಡ ಮೂಲ ಮನೆಯ ಒಳಗೇ ಇರುತ್ತದೆ. ಬಾಲ್ಕನಿ_ಕೇಳುಗ ಅವರು ಆಂಟೆನಾ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಲಿ. ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಬಾಲ್ಕನಿಯಲ್ಲಿ ನಾಲ್ಕೈದು ಮೀಟರ್ ತಂತಿಯನ್ನು ತಾತ್ಕಾಲಿಕವಾಗಿ ತೂಗುಬಿಟ್ಟು 7 ಮೆಗಾಹರ್ಟ್ಸ್‌ನಲ್ಲಿ ಖಾಲಿ ಜಾಗವೊಂದಕ್ಕೆ ಟ್ಯೂನ್ ಮಾಡಿ, ಎಸ್-ಮೀಟರ್ ನೋಡುತ್ತಾ ಫ್ಲ್ಯಾಟಿನ ಮೇನ್ ಸ್ವಿಚ್ ಆರಿಸಲಿ. ಮುಳ್ಳು ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಮತ್ತೆ ಮೇನ್ ಹಾಕಿ ಒಂದೊಂದೇ ಪ್ಲಗ್ ಕಿತ್ತು ನೋಡಿದರೆ ಸಿಕ್ಕಿಬೀಳುತ್ತಾನೆ. ಸ್ವಿಚ್ ಮೋಡ್ ಚಾರ್ಜರ್‌ಗಳು, ಎಲ್‌ಇಡಿ ದೀಪಗಳ ಡ್ರೈವರ್‌ಗಳು, ಟಿವಿಯ ಪವರ್ ಸಪ್ಲೈ, ಇವು ಮಾಮೂಲಿ ಆರೋಪಿಗಳು.

ಎರಡನೆಯದು, ಗದ್ದಲ ಆಂಟೆನಾದೊಳಗೆ ಬರುವ ರಾಜಮಾರ್ಗ ಕೋಯಾಕ್ಸ್‌ನ (ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್‌ನ) ಹೊರಮೈ. ಎಂಡ್-ಫೆಡ್‌ಗೆ ಕೌಂಟರ್‌ಪಾಯ್ಸ್ ಬೇಕಿಲ್ಲ ಎಂದು ಮಾರುವವರು ಹೇಳುತ್ತಾರೆ, ಆದರೆ ತಂತಿಗೆ ಹರಿದ ಪ್ರವಾಹಕ್ಕೆ ಹಿಂದಿರುಗುವ ದಾರಿ ಒಂದು ಬೇಕೇ ಬೇಕು. ಬೇರೆ ದಾರಿ ಕೊಡದಿದ್ದರೆ ಅದು ಕೋಯಾಕ್ಸ್‌ನ ಹೊರಮೈಯನ್ನು ಹಿಡಿದು ನೇರವಾಗಿ ನಿಮ್ಮ ಮೇಜಿಗೆ ಬರುತ್ತದೆ. ಕೇಳುವಾಗ ಅದೇ ದಾರಿಯಲ್ಲಿ ಮನೆಯ ಗದ್ದಲ ಆಂಟೆನಾಕ್ಕೆ ಹೋಗುತ್ತದೆ. ತರಂಗಾಂತರದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು, ಎಂದರೆ 7 ಮೆಗಾಹರ್ಟ್ಸ್‌ಗೆ ಎರಡು ಮೀಟರ್, ತಂತಿಯನ್ನು ಕೌಂಟರ್‌ಪಾಯ್ಸ್ ಆಗಿ ಬಾಲ್ಕನಿಯ ಅಂಚಿನಲ್ಲಿ ಬಿಡಿ. ಕೋಯಾಕ್ಸ್ ಕಿಟಕಿ ದಾಟುವ ಮೊದಲು ಫೆರೈಟ್ ಕೋರ್‌ಗೆ ಹತ್ತು ಹನ್ನೆರಡು ಸುತ್ತು ಹಾಕಿ, ಹೊರಮೈಯ ಪ್ರವಾಹ ತಡೆಯುವ ಚೋಕ್ ಮಾಡಿ.

ಗಿಡ್ಡವಿಪ್

ಯಾರೂ ವಿಪ್ ಪರವಾಗಿ ಮಾತನಾಡುತ್ತಿಲ್ಲವಾದ್ದರಿಂದ ನಾನು ಮಾತನಾಡುತ್ತೇನೆ. ರೇಲಿಂಗಿಗೆ ಕ್ಲ್ಯಾಂಪ್ ಹಾಕಿದ ಎರಡೂವರೆ ಮೀಟರ್ ವಿಪ್‌ನಿಂದ 14 ಮತ್ತು 28ರಲ್ಲಿ ನಾನು ಖಂಡಾಂತರ ಮಾತನಾಡಿದ್ದೇನೆ. ಹಾಕಲು ಎರಡು ನಿಮಿಷ, ತೆಗೆಯಲು ಒಂದು ನಿಮಿಷ. ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದಿದೆ ಎಂಬ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.2.

ಏಳು_ಮೆಗಾ

ಶಕ್ತಿಯನ್ನೆಲ್ಲ ಬಿಸಿಯಾಗಿಸುವ ಪರೀಕ್ಷಾ ರೋಧಕವಾದ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರ್ 1.0, ಅದರಿಂದ ಯಾರೂ ಖಂಡಾಂತರ ಮಾತನಾಡಿಲ್ಲ. 28ರಲ್ಲಿ ಎರಡೂವರೆ ಮೀಟರ್ ಎಂದರೆ ಪೂರ್ತಿ ಕಾಲು ತರಂಗ, ಅಲ್ಲಿ ಅದು ಗಿಡ್ಡ ಆಂಟೆನಾವೇ ಅಲ್ಲ. ನಿಮ್ಮ ಅನುಭವ ನಿಜವಿರಲೇಬೇಕು. 7ಕ್ಕೆ ಬಂದರೆ ಅದೇ ಕಡ್ಡಿಯ ವಿಕಿರಣ ರೋಧ ಒಂದೂವರೆ ಓಮ್‌ನ ಆಸುಪಾಸು, ಉದ್ದದ ಕೊರತೆ ತುಂಬುವ ಲೋಡಿಂಗ್ ಕಾಯಿಲ್ ಮತ್ತು ರೇಲಿಂಗ್ ಎಂಬ ಅರೆಬರೆ ನೆಲದ ನಷ್ಟ ಅದರ ಹಲವು ಪಟ್ಟು. ಅಂಥ ಕಡೆ ಎಸ್‌ಡಬ್ಲ್ಯೂಆರ್ ಒಳ್ಳೆಯದಾಗಿ ಕಂಡರೆ ಸಂತೋಷಪಡುವ ಬದಲು ಅನುಮಾನ ಪಡಬೇಕು, ಏಕೆಂದರೆ ನಷ್ಟದ ರೋಧವೇ ಸೇರಿ 50 ಓಮ್‌ಗೆ ಹತ್ತಿರ ತಂದಿರುತ್ತದೆ.

ಗಿಡ್ಡವಿಪ್

ಅನುಮಾನ ಪಡುತ್ತಾ ಕೂತವರಿಗಿಂತ ನನ್ನ ಲಾಗ್‌ನಲ್ಲಿ ಹೆಚ್ಚು ಹೆಸರುಗಳಿವೆ. ಆದರೂ 7ರ ಬಗ್ಗೆ ನೀವು ಹೇಳಿದ್ದನ್ನು ತಳ್ಳಿಹಾಕಲಾರೆ. ಅಲ್ಲಿ ನಾನು ಕೇಳುವುದೇ ಹೆಚ್ಚು.

ಮೌನಬ್ಯಾಂಡ್

ರೇಲಿಂಗ್ ಬಗ್ಗೆ ಒಂದು ಎಚ್ಚರಿಕೆ. ತುಕ್ಕು ಹಿಡಿದ ಬೋಲ್ಟ್, ಸಡಿಲ ಕೀಲುಗಳು ಡಯೋಡಿನಂತೆ ವರ್ತಿಸುತ್ತವೆ. ಪ್ರಸಾರ ಮಾಡುವಾಗ ಅಲ್ಲಿ ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಬೇಡದ ಸಂಕೇತ) ಹುಟ್ಟಿ ಪಕ್ಕದ ಮನೆಯ ಉಪಕರಣಕ್ಕೆ ತೊಂದರೆಯಾದರೆ ನಿಮ್ಮ ಟ್ರಾನ್ಸೀವರ್ ಎಷ್ಟೇ ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. ಕೌಂಟರ್‌ಪಾಯ್ಸ್‌ಗೆ ಬೇರೆ ತಂತಿಯನ್ನೇ ಬಳಸಿ, ರೇಲಿಂಗನ್ನು ಬಿಟ್ಟುಬಿಡಿ.

ಅಟ್ಟದಲ್ಲಿರುವವ

ಹೆಂಚಿನ ಮಾಡಿನ ಕೆಳಗೆ ಡೈಪೋಲ್ (ನಡುವಿನಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿ) ಹಾಕಿಕೊಂಡಿರುವವನು ನಾನು, ಬಾಲ್ಕನಿಯ ಅನುಭವವಿಲ್ಲ. ಆದರೂ ಒಂದು ವಿಷಯ ಇಲ್ಲಿಗೂ ಅನ್ವಯಿಸುತ್ತದೆ. ಅಟ್ಟದಲ್ಲಿ 20 ಮೀಟರ್ ನೇರವಾಗಿ ಸಿಗಲಿಲ್ಲ, ಹಾಗಾಗಿ ಡೈಪೋಲಿನ ಎರಡೂ ತುದಿಗಳನ್ನು ಮಡಚಿ ಇಳಿಬಿಟ್ಟೆ. ಅರ್ಧ ತರಂಗದ ತಂತಿಯಲ್ಲಿ ನಡುವಿನ ಅರ್ಧ ಉದ್ದವೇ ಸುಮಾರು ಶೇಕಡಾ 70ರಷ್ಟು ಕೆಲಸ ಮಾಡುತ್ತದೆ, ತುದಿಗಳ ಪಾಲು ಉಳಿದದ್ದು ಮಾತ್ರ. ನಡುಭಾಗ ನೇರವಾಗಿ, ಎತ್ತರದಲ್ಲಿ, ಲೋಹದಿಂದ ದೂರದಲ್ಲಿದ್ದರೆ ತುದಿಗಳು ಹೇಗೆ ಬಾಗಿದರೂ ನಡೆಯುತ್ತದೆ. ಉದ್ದ ಸ್ವಲ್ಪ ಬದಲಾಗುತ್ತದೆ, ಕತ್ತರಿಸಿ ಸರಿಪಡಿಸಿಕೊಳ್ಳಬೇಕು. ಲೋಹದ ಹಾಳೆಯ ಮಾಡು, ಅಲ್ಯೂಮಿನಿಯಂ ಹೊದಿಕೆಯ ಉಷ್ಣ ನಿರೋಧಕ ಇದ್ದರೆ ಮಾತ್ರ ಅಟ್ಟದ ಆಸೆ ಬಿಡಬೇಕು.

ಬಾಲ್ಕನಿ_ಕೇಳುಗ

ಇಷ್ಟು ಉತ್ತರಗಳಿಗೆ ಧನ್ಯವಾದಗಳು. ಮೌನಬ್ಯಾಂಡ್ ಅವರು ಹೇಳಿದಂತೆ ಮೇನ್ ಆರಿಸಿ ನೋಡಿದೆ. ಎಸ್7ರಲ್ಲಿದ್ದ ಮುಳ್ಳು ಎಸ್4ಕ್ಕೆ ಇಳಿಯಿತು. ಹುಡುಕಿದಾಗ ಸಿಕ್ಕಿದ್ದು ಹಾಸಿಗೆಯ ಪಕ್ಕದ ಫೋನ್ ಚಾರ್ಜರ್, ಅದಕ್ಕೆ ಫೋನ್ ಕೂಡ ಸಿಕ್ಕಿಸಿರಲಿಲ್ಲ. ಅದನ್ನು ಕಿತ್ತರೆ ಎಸ್5. ಉಳಿದ ಒಂದು ಯೂನಿಟ್ ಎಲ್‌ಇಡಿ ದೀಪಗಳದ್ದಿರಬೇಕು.

ಹೀಗಾಗಿ ಲೂಪ್‌ನ ದೊಡ್ಡ ವಾದವೇ ನನ್ನ ಮಟ್ಟಿಗೆ ಸ್ವಲ್ಪ ದುರ್ಬಲವಾಯಿತು ಎನ್ನಿಸುತ್ತದೆ. ತಂತಿಯ ಕಡೆ ಒಲವು ಮೂಡಿದೆ. ಆದರೆ ಕೆಲವು ಅನುಮಾನಗಳಿವೆ. ತಂತಿ ನಿಜವಾಗಿಯೂ ಕಾಣದಷ್ಟು ತೆಳುವಾಗಿದ್ದರೆ ನಷ್ಟ ಹೆಚ್ಚುವುದಿಲ್ಲವೇ? ಮರಕ್ಕೆ ದಾರ ಕಟ್ಟುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, 10 ಮೀಟರ್ ತಂತಿ 14ಕ್ಕೆ ಸರಿ, 7ಕ್ಕೆ 20 ಮೀಟರ್ ಬೇಕಲ್ಲ, ಅದನ್ನು ಎಲ್ಲಿಂದ ತರಲಿ?

ಸುರುಳಿಪ್ರಿಯ

ದುರ್ಬಲವಾಗಲಿಲ್ಲ, ಪಕ್ಕದ ಮನೆಯ ಚಾರ್ಜರನ್ನು ನೀವು ಕೀಳಲಾರಿರಿ. ಆದರೂ ನಿಮ್ಮ ಬ್ಯಾಂಡ್ ಆಯ್ಕೆ ನೋಡಿದರೆ ತಂತಿಗೆ ನನ್ನ ಅಡ್ಡಿಯಿಲ್ಲ. ಮರ ಇಲ್ಲದ, ಎದುರಿಗೆ ಇನ್ನೊಂದು ಗೋಡೆಯೇ ಇರುವ ಜನ ಈ ಚರ್ಚೆ ಓದಿದರೆ ಅವರಿಗೆ ಹೇಳುತ್ತೇನೆ: 14ರಿಂದ ಮೇಲಿನ ಬ್ಯಾಂಡುಗಳಿಗೆ ಲೂಪ್ ನಾಚಿಕೆ ಪಡುವಂಥ ಆಂಟೆನಾ ಅಲ್ಲ. ಬ್ಯಾಂಡ್‌ವಿಡ್ತ್ (ಒಮ್ಮೆ ಟ್ಯೂನ್ ಮಾಡಿದರೆ ಬಳಸಬಹುದಾದ ಆವರ್ತನಗಳ ಹರವು) ತೀರಾ ಕಿರಿದಾಗಿರುವುದರಿಂದ ಡಯಲ್ ತಿರುಗಿಸಿದಾಗಲೆಲ್ಲ ಮರುಟ್ಯೂನ್ ಮಾಡಬೇಕು, ಎಫ್‌ಟಿ8ನಂತೆ ಒಂದೇ ಆವರ್ತನದಲ್ಲಿ ಕೂರುವವರಿಗೆ ಅದು ತೊಂದರೆಯೇ ಅಲ್ಲ. ಪ್ರಸಾರ ಮಾಡುವಾಗ ಅದರ ಪಕ್ಕದಲ್ಲಿ ಕೂರಬೇಡಿ, ಹತ್ತಿರದ ಕಾಂತಕ್ಷೇತ್ರ ತೀವ್ರವಾಗಿರುತ್ತದೆ. ಮೋಟಾರ್ ಹಾಕಿ ದೂರದಿಂದ ಟ್ಯೂನ್ ಮಾಡುವುದು ಉತ್ತಮ.

ತಂತಿಹುಳು

ಸುರುಳಿಪ್ರಿಯ ಅವರು ತಂತಿಗೆ ಒಪ್ಪಿಗೆ ಕೊಟ್ಟ ಈ ದಿನವನ್ನು ಲಾಗ್‌ನಲ್ಲಿ ಬರೆದಿಡಬೇಕು.

ತೆಳುತನದ ಬಗ್ಗೆ ಹೆದರಬೇಡಿ. 0.4 ಮಿಲಿಮೀಟರ್ ಎನಾಮಲ್ ವೈಂಡಿಂಗ್ ವೈರ್ ಬಳಸಿದರೆ 14 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗದ ತಂತಿಯ ನಷ್ಟ ಕಾಲು ಡೆಸಿಬೆಲ್ ಆಸುಪಾಸು. ಅರ್ಧ ತರಂಗದ ತಂತಿಯಲ್ಲಿ ವಿಕಿರಣ ರೋಧ 70 ಓಮ್‌ನಷ್ಟು ದೊಡ್ಡದಿರುವುದರಿಂದ ತಂತಿಯ ನಾಲ್ಕು ಓಮ್ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಲೂಪ್‌ನಲ್ಲಿ ಬೆರಳಿನಷ್ಟು ದಪ್ಪದ ಕೊಳವೆಯೂ ಸಾಲದೆ ಹೋಗುವುದು, ಇಲ್ಲಿ ಕೂದಲಿನಂಥ ತಂತಿ ಸಾಕಾಗುವುದು, ಎರಡಕ್ಕೂ ಕಾರಣ ಇದೊಂದೇ. ಚಿಕ್ಕ ಆಂಟೆನಾವನ್ನು ದಪ್ಪ ಲೋಹದಲ್ಲಿ ಕಟ್ಟಿ ಮರೆಮಾಡುವುದಕ್ಕಿಂತ ಉದ್ದ ಆಂಟೆನಾವನ್ನು ತೆಳುವಾಗಿ ಕಟ್ಟಿ ಮರೆಮಾಡುವುದು ಸುಲಭ ಎಂದು ನಾನು ವಾದಿಸುವುದು ಅದಕ್ಕೇ.

ಹೊಸ ವೈಂಡಿಂಗ್ ವೈರ್ ಬಿಸಿಲಿಗೆ ಮಿಂಚುತ್ತದೆ, ಅದೇ ಅದನ್ನು ಹಿಡಿದುಕೊಡುವುದು. ನಯವಾದ ಮರಳು ಕಾಗದದಿಂದ ಒಂದೇ ಒಂದು ಸಲ, ಎನಾಮಲ್ ಹೋಗದಂತೆ ಹಗುರವಾಗಿ ಸವರಿದರೆ ಹೊಳಪು ಸಾಯುತ್ತದೆ. ಬೂದು ಬಣ್ಣದ ಮಂಕು ಸ್ಪ್ರೇ ಇನ್ನೂ ಒಳ್ಳೆಯದು. ಕಪ್ಪು ತಂತಿ ಗೋಡೆಯ ಎದುರು ಮರೆಯಾಗುತ್ತದೆ, ಆಕಾಶದ ಎದುರು ಗೆರೆ ಎಳೆದಂತೆ ಕಾಣುತ್ತದೆ. ತಂತಿಗಿಂತ ಮೊದಲು ಕಣ್ಣಿಗೆ ಬೀಳುವುದು ಬಿಳಿ ಇನ್ಸುಲೇಟರ್ ಮತ್ತು ಹಗ್ಗದ ಗಂಟು. ಇನ್ಸುಲೇಟರ್ ಬೇಡವೇ ಬೇಡ, ನೈಲಾನ್ ದಾರವೇ ಆ ಕೆಲಸ ಮಾಡುತ್ತದೆ.

ಏಳು_ಮೆಗಾ

7ರ ಪ್ರಶ್ನೆಗೆ ಉತ್ತರ ಕಾಯಿಲ್‌ನಲ್ಲಿದೆ. 10 ಮೀಟರ್ ತಂತಿಯ ಕೊನೆಯಲ್ಲಿ ಸುಮಾರು 34 ಮೈಕ್ರೋಹೆನ್ರಿ ಕಾಯಿಲ್, ಅದರಾಚೆ ಇನ್ನೂ ಎರಡು ಮೀಟರಿಗೆ ಕೊಂಚ ಕಡಿಮೆ ತಂತಿ ಸೇರಿಸಿ. 14 ಮತ್ತು 28ರಲ್ಲಿ ಆ ಕಾಯಿಲ್ ಚೋಕ್‌ನಂತೆ ವರ್ತಿಸಿ ಬಾಲದ ತುಂಡನ್ನು ಬೇರ್ಪಡಿಸುತ್ತದೆ, 7ರಲ್ಲಿ ಕೊರತೆಯಾದ ಉದ್ದವನ್ನು ತಾನೇ ತುಂಬುತ್ತದೆ. ಒಟ್ಟು 12 ಮೀಟರ್ ಒಳಗೆ ಮೂರು ಬ್ಯಾಂಡ್, ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಟ್ಯೂನರ್ ಬೇಡ. ಇದಕ್ಕೆ ತೆರುವ ಬೆಲೆ ಎಂದರೆ 7ರಲ್ಲಿ ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ, ಬ್ಯಾಂಡಿನ ಯಾವ ಭಾಗದಲ್ಲಿ ಹೆಚ್ಚು ಇರುತ್ತೀರೋ ಅದಕ್ಕೆ ಹೊಂದಿಸಿಕೊಳ್ಳಬೇಕು.

ಟ್ರಾನ್ಸ್‌ಫಾರ್ಮರಿಗೆ 43 ಎಂಬ ಮಿಶ್ರಣದ ಫೆರೈಟ್ ಟೊರಾಯ್ಡ್ (ಬಳೆಯಾಕಾರದ ಕೋರ್), ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು. ಪ್ರೈಮರಿಗೆ ಅಡ್ಡವಾಗಿ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ 28 ಮೆಗಾಹರ್ಟ್ಸ್ ಸುಧಾರಿಸುತ್ತದೆ. 100 ವ್ಯಾಟಿಗೆ ಎಫ್‌ಟಿ 240 ಅಳತೆಯ ಕೋರ್ ಬಳಸುವುದು ವಾಡಿಕೆ. ನಿಮ್ಮ 10 ವ್ಯಾಟಿಗೆ ಅದರ ಅರ್ಧದಷ್ಟು ವ್ಯಾಸದ ಕೋರ್ ಸಾಕು, ಅದು ಬೆಂಕಿಪೊಟ್ಟಣದಂಥ ಡಬ್ಬಿಯೊಳಗೆ ಹಿಡಿಸುತ್ತದೆ.

ಗಿಡ್ಡವಿಪ್

ಇಷ್ಟೆಲ್ಲ ಸುತ್ತುವ ಬದಲು ಎಷ್ಟೋ ಒಂದು ಉದ್ದದ ತಂತಿ, 9:1 ಅನ್‌ಅನ್ (ಇಂಪೀಡೆನ್ಸ್ ಇಳಿಸುವ ಟ್ರಾನ್ಸ್‌ಫಾರ್ಮರ್), ಒಂದು ಟ್ಯೂನರ್ ಇಟ್ಟುಕೊಂಡರೆ ಎಲ್ಲ ಬ್ಯಾಂಡುಗಳೂ ಸಿಗುತ್ತವಲ್ಲ?

ಏಳು_ಮೆಗಾ

ಸಿಗುತ್ತವೆ. ಎಷ್ಟೋ ಒಂದು ಉದ್ದ ಎಂಬುದು ಮಾತ್ರ ಸರಿಯಲ್ಲ, ಬಳಸುವ ಯಾವ ಬ್ಯಾಂಡಿನಲ್ಲೂ ಅರ್ಧ ತರಂಗದ ಗುಣಕ ಆಗದಂಥ ಉದ್ದವನ್ನು ಆರಿಸಬೇಕು, 12.5 ಮೀಟರ್, 17.7 ಮೀಟರ್ ಇತ್ಯಾದಿ ಅಳತೆಗಳು ಹುಟ್ಟಿದ್ದು ಹಾಗೆ. ಅದಕ್ಕೆ ಕೌಂಟರ್‌ಪಾಯ್ಸ್ ಇನ್ನೂ ಉದ್ದ ಬೇಕು, ಬಾಲ್ಕನಿಯಲ್ಲಿ ಜಾಗವೆಲ್ಲಿ? ಪ್ರವಾಹ ಹೆಚ್ಚಿರುವ ಜಾಗವೂ ಬ್ಯಾಂಡಿನಿಂದ ಬ್ಯಾಂಡಿಗೆ ಅಲೆದಾಡುತ್ತದೆ, ಕೆಲವೊಮ್ಮೆ ನೇರವಾಗಿ ನಿಮ್ಮ ಕೋಣೆಯೊಳಗೇ ಬಂದು ಕೂರುತ್ತದೆ. ಮೈಕ್ ಮುಟ್ಟಿದರೆ ಚುರುಕ್ ಎನ್ನುವ ಸೆಟ್‌ಅಪ್‌ಗಳ ಹಿಂದೆ ಸಾಮಾನ್ಯವಾಗಿ ಇದೇ ಕತೆ.

ಕೀಲಿಕಾರ

ಎಫ್‌ಟಿ8 ಇರುವಾಗ ಆಂಟೆನಾ ಯಾವುದಾದರೇನು? ಕಂಪ್ಯೂಟರ್ ಕಂಪ್ಯೂಟರಿನೊಡನೆ ಮಾತನಾಡಿಕೊಳ್ಳುತ್ತದೆ.

ಸುರುಳಿಪ್ರಿಯ

ಎಫ್‌ಟಿ8 ಬಂದ 2017ರಿಂದ ಈ ಕೊರಗು ಕೇಳುತ್ತಿದ್ದೇವೆ. ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಅದು ಓದುತ್ತದೆ ಎಂದರೆ ಬಾಲ್ಕನಿಯವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮೌನಬ್ಯಾಂಡ್

ಎಫ್‌ಟಿ8 ಜಗಳವನ್ನು ಬೇರೆ ಕಡೆ ಆಡೋಣ. ಆದರೆ ಅದರ ಅಣ್ಣನಂಥ ಡಬ್ಲ್ಯೂಎಸ್‌ಪಿಆರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪಲ್ಸಾರ್ ಸಂಶೋಧನೆಗೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ 2008ರಲ್ಲಿ ಇದನ್ನು ಹೊರತಂದರು. ಎರಡು ನಿಮಿಷದ ಒಂದು ಸರದಿಯಲ್ಲಿ ನಿಮ್ಮ ಕರೆಚಿಹ್ನೆ, ಸ್ಥಳದ ಗ್ರಿಡ್, ಶಕ್ತಿ ಇಷ್ಟನ್ನೇ ಕಳುಹಿಸುತ್ತದೆ. ಕೇಳಿದ ಸ್ಟೇಷನ್‌ಗಳು ಎಷ್ಟು ಡೆಸಿಬೆಲ್‌ನಲ್ಲಿ ಕೇಳಿಸಿತು ಎಂದು ತಾವಾಗಿಯೇ ಜಾಲತಾಣಕ್ಕೆ ಏರಿಸುತ್ತವೆ. ಎರಡು ಆಂಟೆನಾಗಳನ್ನು ಹೋಲಿಸಬೇಕಾದರೆ ಒಂದು ಸರದಿ ಇದಕ್ಕೆ, ಮುಂದಿನ ಸರದಿ ಅದಕ್ಕೆ ಎಂದು ಬದಲಿಸುತ್ತಾ ಹೋಗಿ, ಒಂದೇ ಸ್ಟೇಷನ್ ಕೊಟ್ಟ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇವತ್ತು ಲೂಪ್, ನಾಳೆ ತಂತಿ ಎಂದು ಹೋಲಿಸಿದರೆ ನೀವು ಅಳೆಯುತ್ತಿರುವುದು ಅಯಾನುಗೋಳವನ್ನು (ಅಲೆಗಳನ್ನು ಹಿಂದಿರುಗಿಸುವ ಎತ್ತರದ ವಾಯುಪದರವನ್ನು), ಆಂಟೆನಾವನ್ನಲ್ಲ. ಈ ಚರ್ಚೆಯಲ್ಲಿ ನನಗೆ ಹೆಚ್ಚು ಹಿಡಿಸದ ಸಂಗತಿ ಅದೇ. "ನನಗೆ ಅಷ್ಟು ದೂರ ಸಿಕ್ಕಿತು" ಎಂಬುದು ಬ್ಯಾಂಡ್ ತೆರೆದಿತ್ತು ಎಂಬುದಕ್ಕೆ ಸಾಕ್ಷಿ, ಅಷ್ಟೇ.

ನೆರೆಹೊರೆ

ತಾಂತ್ರಿಕ ವಿಷಯಗಳ ನಡುವೆ ಒಂದು ಅಡ್ಡಮಾತು. ಕಣ್ಣಿಗೆ ಬೀಳದಂತೆ ಹಾಕುವುದು ಬೇರೆ, ಕದ್ದುಮುಚ್ಚಿ ಹಾಕುವುದು ಬೇರೆ. ಬಾಡಿಗೆ ಕರಾರಿನಲ್ಲಿ ಏನಿದೆ ಎಂದು ಮೊದಲು ಓದಿ, ಮಾಲೀಕರಿಗೆ ಒಂದು ಮಾತು ಹೇಳಿ. ನಾನಿದ್ದ ಕಟ್ಟಡದಲ್ಲಿ ನನ್ನ ತಂತಿ ಯಾರಿಗೋ ಕಂಡ ಮೇಲೆ ಲಿಫ್ಟ್ ಕೆಟ್ಟರೂ ಟಿವಿ ಮಿನುಗಿದರೂ ನನ್ನ ಬಾಗಿಲು ತಟ್ಟುತ್ತಿದ್ದರು. ಪ್ರಸಾರ ಮಾಡಿದ ಹೊತ್ತನ್ನೆಲ್ಲ ಲಾಗ್‌ನಲ್ಲಿ ಬರೆದಿಟ್ಟಿದ್ದರಿಂದ, ದೂರಿನ ಸಮಯವನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದಾಗ ರೇಡಿಯೋ ಆಗ ಆಫ್ ಆಗಿತ್ತೆಂದು ಅವರೇ ಒಪ್ಪಿದರು. ಒಬ್ಬರ ಸ್ಪೀಕರಿನಲ್ಲಿ ಮಾತ್ರ ನಿಜಕ್ಕೂ ನನ್ನ ಧ್ವನಿ ಬರುತ್ತಿತ್ತು, ಅದರ ತಂತಿಗೆ ಕ್ಲಿಪ್ ಫೆರೈಟ್ ಹಾಕಿಕೊಟ್ಟ ಮೇಲೆ ನಿಂತಿತು.

ತಂತಿಹುಳು

ಮಾಲೀಕರ ಮಾತು ಸರಿ. ಶಾಶ್ವತವಾಗಿ ಬಿಡಲು ಒಪ್ಪದಿದ್ದರೆ ರಾತ್ರಿ ಮಾತ್ರ ತಂತಿ ಬಿಡಬಹುದು. ಮರದ ಕಡೆ ಬರೀ ನೈಲಾನ್ ದಾರದ ಕುಣಿಕೆ ಉಳಿದಿರಲಿ. ಬಾಲ್ಕನಿಯಿಂದ ದಾರ ಎಳೆದರೆ ತಂತಿ ಹೊರಗೆ ಹೋಗುತ್ತದೆ, ತಂತಿ ಎಳೆದರೆ ಒಳಗೆ ಬರುತ್ತದೆ. ಮರವೂ ಸಿಗದಿದ್ದರೆ ಫೈಬರ್‌ಗ್ಲಾಸ್‌ನ ಮೀನು ಗಾಳದ ಕೋಲನ್ನು ಬಾಲ್ಕನಿಯಿಂದ ಓರೆಯಾಗಿ ಹೊರಚಾಚಿ ತಂತಿಯನ್ನು ಅದರ ಉದ್ದಕ್ಕೂ ಬಿಡುವುದು ಎರಡನೆಯ ದಾರಿ. ಕಾರ್ಬನ್ ಫೈಬರ್ ಕೋಲು ಬೇಡ, ಅದು ವಿದ್ಯುತ್ ವಾಹಕ.

ಅಟ್ಟದಲ್ಲಿರುವವ

ಸುರಕ್ಷತೆಯ ಮಾತು ಇನ್ನೂ ಯಾರೂ ಎತ್ತಿಲ್ಲ. ದಾರ ಎಸೆಯುವ ಹಾದಿಯಲ್ಲಿ, ತಂತಿ ತುಂಡಾದರೆ ಬೀಳಬಹುದಾದ ಹಾದಿಯಲ್ಲಿ ಎಲ್ಲಿಯೂ ವಿದ್ಯುತ್ ಲೈನ್ ಇರಬಾರದು. ಇದ್ದರೆ ಆ ಮರವನ್ನು ಮರೆತುಬಿಡಿ, ಇದರಲ್ಲಿ ಚೌಕಾಸಿ ಇಲ್ಲ. ಗುಡುಗು ಕೇಳಿಸುವ ಮೊದಲೇ ಕೋಯಾಕ್ಸನ್ನು ರೇಡಿಯೋದಿಂದ ಕಳಚಿ ಬಾಲ್ಕನಿಯ ಹೊರಗಿಡಿ, ತಂತಿಯನ್ನು ಒಳಗೆಳೆದುಕೊಂಡರೆ ಇನ್ನೂ ಒಳ್ಳೆಯದು. ಎಂಡ್-ಫೆಡ್‌ನಲ್ಲಿ ಫೀಡ್ ಮಾಡುವ ತುದಿಯೇ ಹೆಚ್ಚು ವೋಲ್ಟೇಜಿನ ಜಾಗ. 3000 ಓಮ್ ಎಂದಿಟ್ಟುಕೊಂಡರೆ 10 ವ್ಯಾಟಿಗೆ 170 ವೋಲ್ಟ್, 100 ವ್ಯಾಟಿಗೆ 550ರ ಹತ್ತಿರ. ಆ ತುದಿ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ, ಒಣಹಾಕಿದ ಬಟ್ಟೆಯ ಪಕ್ಕದಲ್ಲಿ ಇರಬಾರದು. ಬಾಲ್ಕನಿಯ ಮೂಲೆಯಲ್ಲಿ ಸೂರಿನ ಹತ್ತಿರ ಎತ್ತಿ ಕಟ್ಟಿ, ಮೊದಲ ಒಂದು ಮೀಟರಿಗೆ ಪ್ಲಾಸ್ಟಿಕ್ ನಳಿಗೆ ತೊಡಿಸಿ.

ಬಾಲ್ಕನಿ_ಕೇಳುಗ

ಮಾಲೀಕರಿಗೆ ಫೋನ್ ಮಾಡಿದೆ. ಗೋಡೆಗೆ ಕೈ ಹಚ್ಚದಿದ್ದರೆ, ಹಗಲು ಹೊತ್ತು ಏನೂ ಕಾಣದಿದ್ದರೆ ತಮ್ಮದೇನೂ ಅಡ್ಡಿಯಿಲ್ಲ ಎಂದರು. ಸಂಘದ ಕಾರ್ಯದರ್ಶಿಯವರು ಮರದ ವಿಷಯಕ್ಕೆ ಮೊಳೆ ಹೊಡೆಯಬಾರದು ಎಂದಷ್ಟೇ ಹೇಳಿದ್ದಾರೆ. ವಿದ್ಯುತ್ ಲೈನ್ ಕಟ್ಟಡದ ಹಿಂಭಾಗದಲ್ಲಿದೆ, ಮರದ ಕಡೆಗಿಲ್ಲ.

ಹಾಗಾಗಿ ಕಾಯಿಲ್ ಇರುವ 12 ಮೀಟರ್ ಎಂಡ್-ಫೆಡ್ ಕಟ್ಟಲು ನಿರ್ಧರಿಸಿದ್ದೇನೆ. ಕೊನೆಯದಾಗಿ ಎರಡು ಪ್ರಶ್ನೆಗಳು. ಗಾಳಿಗೆ ಮರ ತೂಗಿದಾಗ ಇಷ್ಟು ತೆಳುವಾದ ತಂತಿ ಹರಿಯುವುದಿಲ್ಲವೇ? ಮೂರು ಬ್ಯಾಂಡುಗಳಿಗೆ ಒಂದೇ ತಂತಿಯನ್ನು ಕತ್ತರಿಸುವಾಗ ಎಲ್ಲಿಂದ ಆರಂಭಿಸಬೇಕು?

ತಂತಿಹುಳು

ದಾರವನ್ನು ಕೊಂಬೆಗೆ ಬಿಗಿಯಬೇಡಿ. ಕೊಂಬೆಯ ಮೇಲಿಂದ ಹಾಯಿಸಿ, ಆಚೆ ತುದಿಗೆ ಸಣ್ಣ ತೂಕ ಕಟ್ಟಿ ತೂಗುಬಿಡಿ, ಮರ ತೂಗಿದಂತೆ ತೂಕ ಏರಿ ಇಳಿಯುತ್ತದೆ. ಅದರ ಕೆಳಗೆ ಯಾರೂ ಓಡಾಡದ ಜಾಗವಿರಬೇಕು, ಇಲ್ಲವಾದರೆ ತೂಕದ ಬದಲು ರಬ್ಬರ್ ದಾರ ಬಳಸಿ. ತಂತಿಯನ್ನು ವೀಣೆಯ ತಂತಿಯಂತೆ ಎಳೆಯದೆ ಒಂದು ಗೇಣಿಗಿಂತ ಹೆಚ್ಚು ಜೋಲು ಬಿಡಿ. ದಾರ ತಂತಿಗಿಂತ ದುರ್ಬಲವಾಗಿರಲಿ, ಹರಿಯುವುದಾದರೆ ದಾರವೇ ಹರಿಯಲಿ.

ಏಳು_ಮೆಗಾ

14ರಿಂದ ಆರಂಭಿಸಿ. ಕಾಯಿಲ್‌ವರೆಗಿನ ಮುಖ್ಯ ತಂತಿಯನ್ನು ಲೆಕ್ಕಕ್ಕಿಂತ ಒಂದಡಿ ಉದ್ದವಾಗಿ ಇಟ್ಟು, ಅದು ಇರಬೇಕಾದ ಜಾಗದಲ್ಲೇ ಕಟ್ಟಿ, ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಸಾಧನ) ಹಾಕಿ ಎಸ್‌ಡಬ್ಲ್ಯೂಆರ್ ತಗ್ಗು ಎಲ್ಲಿದೆ ನೋಡಿ. ಅದು ಬ್ಯಾಂಡಿಗಿಂತ ಕೆಳಗೆ ಇರುತ್ತದೆ; ಸ್ವಲ್ಪ ಸ್ವಲ್ಪವೇ ಮೊಟಕು ಮಾಡುತ್ತಾ ಮೇಲೆ ತನ್ನಿ. ಕತ್ತರಿಸಬೇಡಿ, ಹಿಂದಕ್ಕೆ ಮಡಚಿ ಹೊಸೆಯಿರಿ, ಎನಾಮಲ್ ತಂತಿಗೂ ಅದು ನಡೆಯುತ್ತದೆ. ಪಿವಿಸಿ ಹೊದಿಕೆಯ ತಂತಿಯಾದರೆ ಲೆಕ್ಕಕ್ಕಿಂತ ಶೇಕಡಾ 3ರಿಂದ 5ರಷ್ಟು ಗಿಡ್ಡವಾಗಬೇಕಾಗುತ್ತದೆ, ಬರೀ ಎನಾಮಲ್‌ಗೆ ಆ ತೊಂದರೆ ಇಲ್ಲವೆನ್ನಬಹುದು. 14 ಕುಳಿತ ಮೇಲೆ ಮುಖ್ಯ ತಂತಿಯನ್ನು ಮತ್ತೆ ಮುಟ್ಟಬೇಡಿ. 7ನ್ನು ಕಾಯಿಲ್ ಆಚೆಯ ಬಾಲದಿಂದ ಮಾತ್ರ ಹೊಂದಿಸಿ. ಅಲ್ಲಿ ಕೆಲವು ಸೆಂಟಿಮೀಟರ್ ಬದಲಾದರೂ ತಗ್ಗು ಹತ್ತಾರು ಕಿಲೋಹರ್ಟ್ಸ್ ಸರಿಯುತ್ತದೆ, ಆದ್ದರಿಂದ ಕೈ ಹಗುರವಾಗಿರಲಿ. ಮಳೆ ಬಂದಾಗ, ಎಲೆ ಒದ್ದೆಯಾದಾಗ ಅದು ಇನ್ನೊಂದಿಷ್ಟು ಕೆಳಗೆ ಜಾರುತ್ತದೆ. ಅದಕ್ಕೆ ಮತ್ತೆ ತಂತಿ ಮೊಟಕು ಮಾಡಲು ಹೋಗಬೇಡಿ.